ಕ್ಯಾಲೆಂಡರಿನಲ್ಲಿ ಬರೆದಿಟ್ಟ ಕೂಲಿ

ಕೊಯ್ಲಿಗೆಂದು ಬಂದು ಟಂಟಂ ಆಟೋದಿಂದ ಇಳಿದ ಎಂಟು ಹೆಂಗಸರಲ್ಲಿ ಒಬ್ಬರೂ ಕುಷ್ಟಗಿಯ ನಮ್ಮ ದಾಳಿಂಬೆ ತೋಟದೊಳಗೆ ಕಾಲಿಡಲಿಲ್ಲ. ಮಧ್ಯಾಹ್ನಕ್ಕೆ ಹಣ್ಣಿನ ಲಾರಿ ಬರುವುದಿತ್ತು.

"ಗಂಡಸರಿಗೆ ಐದುನೂರು, ನಮಗ ಮುನ್ನೂರು ಯಾಕ್ರಿ? ಸಮಾ ಕೊಡ್ತೀರಂದ್ರ ಕತ್ತರಿ ಹಿಡೀತೀವಿ. ಇಲ್ಲಂದ್ರ ಇದ ಟಂಟಂನ್ಯಾಗ ಬ್ಯಾರೆ ಕೂಲಿಗೆ ತಾವರಗೇರಾಕ ಹೊಂಟ್ವಿ" ಎಂದಳು ಅವರ ಮುಂದಾಳು ಯಲ್ಲವ್ವ.

ವರ್ಷವರ್ಷದ ಕೂಲಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ನನ್ನ ರೂಢಿ. ಹಳೆಯವನ್ನೂ ಎಸೆದಿಲ್ಲ. ತೋಟದ ಮನೆಯೊಳಗಿಂದ ಅವನ್ನೆಲ್ಲ ತಂದು ಕಟ್ಟೆಯ ಮೇಲೆ ಹರವಿದೆ. "ನೋಡವ್ವಾ, ಮೊದಲ ನಿಮಗ ಅರವತ್ತು ಇತ್ತು. ಆಮ್ಯಾಲೆ ನೂರು, ನೂರೈವತ್ತು. ಏರಿಕೋತನ ಬಂದೈತಿ!" ಎಂದು ಗೆದ್ದವಳ ಹಾಗೆ ಓದಿದೆ.

"ಭಾಳ ಛಲೋ ಬರದೀರಿ ಅಕ್ಕಾರ. ಬಾಜೂಕ ಗಂಡಸರದೂ ಬರದಿರಬೇಕಲ್ರೀ? ಅದನ್ನೂ ಓದ್ರಿ" ಎಂದಳು ಯಲ್ಲವ್ವ.

ಓದಿದೆ. ನೂರು, ನೂರಾ ಎಪ್ಪತ್ತು, ಇನ್ನೂರೈವತ್ತು. ಓದುತ್ತ ಓದುತ್ತ ನನ್ನ ದನಿ ಇಳಿಯಿತು. ಕೂಲಿ ಏರಿತ್ತು ನಿಜ, ಇಬ್ಬರ ನಡುವಿನ ಅಂತರವೂ ಅದರ ಜೊತೆಗೇ ನಲವತ್ತರಿಂದ ಇನ್ನೂರಕ್ಕೆ ಏರಿತ್ತು.

"ನಡುನಡುವ ಬೀಡಿ ಸೇದತಾರಲ್ಲ, ಅದರ ಕೂಲಿನೂ ಸೇರಿರಬೇಕು ಬಿಡವಾ" ಎಂದು ಹಿಂದಿನಿಂದ ಒಬ್ಬಳು ಅಂದಳು. ಎಲ್ಲರೂ ಗೊಳ್ಳೆಂದರು. ಯಲ್ಲವ್ವ ಮಾತ್ರ ನಗಲಿಲ್ಲ. "ಕೊಯ್ದ ಕೈಯಾಗ ಬಳೆ ಇದ್ದವಂತ ದಾಳಿಂಬಿಗೇನ್ ಗೊತ್ತಾಗತೈತ್ರೀ?"

ನನ್ನ ಕೈಯಾರೆ ಬರೆದದ್ದನ್ನು ಇಷ್ಟು ವರ್ಷ ನಾನೇ ಓದಿರಲಿಲ್ಲ. ಆ ದಿನದ ಚೌಕದಲ್ಲಿ ಮೊದಲ ಸಲ ಇಬ್ಬರಿಗೂ ಒಂದೇ ಅಂಕಿ ಬರೆದೆ. ಲಾರಿ ಹೊತ್ತಿಗೆ ಸರಿಯಾಗಿ ತುಂಬಿತು. ನಮ್ಮ ಮನೆಯವರು ಎಲ್ಲರಿಗೂ ಐದುನೂರರಂತೆ ಎಣಿಸಿ ಕೊಟ್ಟರು. ಬರುವ ವರ್ಷ ಮಾತ್ರ ಮನೆಗೆ ಕ್ಯಾಲೆಂಡರ್ ತರುವುದು ಬೇಡವಂತೆ.