ಎಂಟು ಟೇಬಲ್ಲುಗಳ ಲೋಲಾಕ್ಷಿ

ಕ್ಯಾಮೆರಾದ ವಯರು ಸಿಕ್ಕಿಸಿ ಆಗಿದೆ, ಮಾನಿಟರಿನದೂ ಆಗಿದೆ. ಲೋಲಾಕ್ಷಿ ಈಗ ಮೂರನೆಯದಕ್ಕೆ, ಸರ್ಕ್ಯೂಟ್ ಬೋರ್ಡಿಗೂ ಕಂಪ್ಯೂಟರಿಗೂ ಮಾತು ಬೆಳೆಸುವ ಸೀರಿಯಲ್ ಕೇಬಲ್ಲಿಗೆ, ಕೈ ಹಾಕಿದ್ದಾರೆ. ಅದರ ಎರಡು ಪುಟ್ಟ ತಿರುಪುಗಳನ್ನು ಬೆರಳ ತುದಿಯಲ್ಲೇ ಬಿಗಿಯುತ್ತಾರೆ. "ಸ್ಕ್ರೂಡ್ರೈವರ್ ಹಿಡಿದರೆ ಎಷ್ಟು ಬಿಗಿಯಾಯ್ತು ಅಂತ ಕೈಗೆ ತಿಳಿಯೋದಿಲ್ಲ" ಎನ್ನುತ್ತಾರೆ. ಗಂಟೆ ಏಳೂಕಾಲು. ನೋಯ್ಡಾದ ಈ ಕಟ್ಟಡದ ನಾಲ್ಕನೆಯ ಮಹಡಿಯ ಕಿಟಕಿಯಾಚೆ ಜನವರಿಯ ಮಂಜು ಎಷ್ಟು ದಟ್ಟವಾಗಿದೆಯೆಂದರೆ ರಸ್ತೆಯ ಆ ಬದಿಯ ಕಟ್ಟಡವೇ ಇಲ್ಲವಾಗಿದೆ.

ಇಂಥ ಚಳಿಯಲ್ಲೂ ಅವರು ತೊಟ್ಟಿರುವುದು ಹತ್ತಿಯ ಸೀರೆ, ಅದರ ಮೇಲೊಂದು ಹತ್ತಿಯ ಕೋಟು. ಸ್ವೆಟರು, ಶಾಲು ಎರಡೂ ಲ್ಯಾಬಿನ ಬಾಗಿಲ ಹೊರಗಿನ ಮೊಳೆಯಲ್ಲಿವೆ. ಉಣ್ಣೆ ಮೈಗೆ ಉಜ್ಜಿದರೆ ಹುಟ್ಟುವ ವಿದ್ಯುತ್ತು ನಮಗೆ ಚಟ್ ಎಂದು ಚುಚ್ಚಿ ಮರೆತುಹೋಗುವಂಥದ್ದು. ಬೋರ್ಡಿನ ಮೇಲಿರುವ ಚಿಪ್ಪಿಗೆ ಅದು ಸಿಡಿಲು. ದಿಲ್ಲಿಯ ಒಣ ಚಳಿಗಾಲದಲ್ಲಿ ಈ ಕಾಟ ಇನ್ನೂ ಹೆಚ್ಚು. ಅದಕ್ಕೇ ಅವರ ಎಡಗೈಯಲ್ಲಿ ಬಳೆಯ ಜಾಗದಲ್ಲಿ ಒಂದು ನೀಲಿ ಪಟ್ಟಿ. ಪಟ್ಟಿಯಿಂದ ಸುರುಳಿ ವಯರು, ವಯರಿನ ತುದಿಯ ಕ್ಲಿಪ್ಪು ಟೇಬಲ್ಲಿನ ಕಾಲಿಗೆ. ಮೈಯಲ್ಲಿ ಹುಟ್ಟಿದ್ದೆಲ್ಲ ಆ ದಾರಿಯಲ್ಲಿ ನೆಲಕ್ಕಿಳಿದು ಹೋಗಬೇಕು.

ನೆಟ್‌ವರ್ಕ್ ವಯರೂ ಆಯಿತು. ಈಗ ಬೋರ್ಡಿನ ಅಂಚಿನ ಪುಟ್ಟ ಸ್ವಿಚ್ಚುಗಳನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡುತ್ತಾರೆ. ಕರೆಂಟು ಯಾವಾಗಲೂ ಕೊನೆಗೆ. ಕಂಪ್ಯೂಟರಿನ ಮುಂದೆ ಕುಳಿತು ಕನ್ನಡದಲ್ಲೇ ಗೊಣಗುತ್ತಾರೆ, "ಒಂದು ಲಕ್ಷ ಹದಿನೈದು ಸಾವಿರದ ಇನ್ನೂರು." ಬೋರ್ಡು ಮಾತಾಡುವ ವೇಗ ಅದು. ಅದೊಂದು ತಪ್ಪಿದರೆ ಪರದೆಯ ಮೇಲೆ ಅಕ್ಷರಗಳ ಬದಲು ಕಸ ಬರುತ್ತದೆ. ಕಸ ಬರಲಿಲ್ಲ. ಸಾಲುಗಳು ಸರಸರನೆ ಇಳಿದು ಒಂದು ಕ್ಷಣ ನಿಂತವು. ಮಾನಿಟರಿನಲ್ಲಿ ಚಿತ್ರ ಮೂಡಿತು. ತಟ್ಟೆಯಲ್ಲಿ ಒಂದು ಟೊಮೆಟೊ, ಒಂದು ನಿಂಬೆಹಣ್ಣು, ಒಂದು ಹಸಿಮೆಣಸಿನಕಾಯಿ.

ಬಣ್ಣ ಸರಿಯಿದೆಯೇ ಎಂದು ನೋಡಲು ಕಂಪನಿ ಕೊಟ್ಟ ಚಾರ್ಟು ಗೋಡೆಯ ಮೇಲಿದೆ. ಲೋಲಾಕ್ಷಿಗೆ ಅದರ ಮೇಲೆ ನಂಬಿಕೆಯಿಲ್ಲ. "ಚಾರ್ಟು ಬಿಸಿಲಿಗೆ ಮಾಸುತ್ತದೆ. ಟೊಮೆಟೊ ದಿನಾ ಹೊಸದು" ಎನ್ನುತ್ತಾರೆ. ಮೆಣಸಿನಕಾಯಿ ಮಧ್ಯಾಹ್ನ ಅವರ ಮೊಸರನ್ನದ ಜೊತೆ ಖರ್ಚಾಗುತ್ತದೆ.

ಇನ್ನು ಹದಿನೇಳು ದಿನ ಕಳೆದರೆ ಈ ಕೆಲಸ ಅವರದಲ್ಲ.

ಅಂಗೈಯಗಲದ ಈ ಹಸಿರು ಹಲಗೆಗಳಿಂದ ಏನಾಗುತ್ತದೆ ಎಂದು ಕೇಳಿದರೆ ಲೋಲಾಕ್ಷಿ ಸುತ್ತುಬಳಸಿ ಹೇಳುವುದಿಲ್ಲ. ಬಸ್ಸಿನೊಳಗೆ, ಆಂಬುಲೆನ್ಸಿನೊಳಗೆ ಚಿತ್ರ ಹಿಡಿದಿಡುವ ಪೆಟ್ಟಿಗೆ ಇರುತ್ತದಲ್ಲ, ಅಂಥದ್ದನ್ನು ಹೊಸದಾಗಿ ಮಾಡುವವರು ಮೊದಲು ಪೆಟ್ಟಿಗೆ ಮಾಡುವುದಿಲ್ಲ. ಇಂಥ ಬೋರ್ಡಿನ ಮೇಲೆ ಪ್ರೋಗ್ರಾಂ ಬರೆದು, ಕೆಡಿಸಿ, ತಿದ್ದಿ ನೋಡುತ್ತಾರೆ. ಈ ಮಹಡಿಯ ಇಪ್ಪತ್ತಾರು ಇಂಜಿನಿಯರುಗಳು ಬಂದು ಕೂರುವ ಹೊತ್ತಿಗೆ ಬೋರ್ಡು ಎದ್ದು, ಕಣ್ಣು ಬಿಟ್ಟು, ಚಿತ್ರ ತೋರಿಸುತ್ತಿರಬೇಕು. ದಿನಕ್ಕೆ ಆರು ಬೋರ್ಡು, ಒಂದೊಂದಕ್ಕೆ ಮೂವತ್ತೈದು ನಿಮಿಷ. ಪೀತಮ್‌ಪುರದ ಮನೆಯಿಂದ ಎರಡು ಕಡೆ ಮೆಟ್ರೊ ಬದಲಿಸಿ ಬರಲು ಒಂದೂಕಾಲು ಗಂಟೆ. ಬೋರ್ಡಿನ ಕೆಲಸ ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದಿದೆ.

ಊರು ಬ್ರಹ್ಮಾವರ. ಓದಿದ್ದು ಐಟಿಐ, ಇಡೀ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಮದುವೆಯಾಗಿ ದಿಲ್ಲಿಗೆ ಬಂದ ಮೇಲೆ ಮೂರು ವರ್ಷ ಗಂಡ ಜಯಾನಂದರ ಹೋಟೆಲಿನ ಗಲ್ಲಾದಲ್ಲಿ ಕೂತು ದೋಸೆಗೆ, ಇಡ್ಲಿಗೆ ಟೋಕನ್ ಹರಿದು ಕೊಟ್ಟರು. ಆಮೇಲೆ ನೋಯ್ಡಾದಲ್ಲಿ ಟೀವಿ ಜೋಡಿಸುವ ಕಾರ್ಖಾನೆಗೆ ಬೆಸುಗೆ ಹಾಕಲು ಸೇರಿಕೊಂಡರು. ನಾಲ್ಕು ವರ್ಷದಲ್ಲಿ ಅದು ಮುಚ್ಚಿತು. ಈ ಕಂಪನಿಗೆ ಬಂದಾಗ ಅವರ ಕೆಲಸ ಪಾರ್ಸೆಲ್ ಬಿಚ್ಚಿ ಪಟ್ಟಿಗೆ ಗುರುತು ಹಾಕುವುದಷ್ಟೇ.

ಬೋರ್ಡುಗಳು ಅವರ ಪಾಲಿಗೆ ಬಂದ ಬಗೆಯನ್ನು ಹೇಳುವಾಗ ಮಾತ್ರ ಅವರ ದನಿ ಸ್ವಲ್ಪ ಎತ್ತರಕ್ಕೇರುತ್ತದೆ. ಮೊದಲ ಬೋರ್ಡು ಬಂದಾಗ ಮಾನಿಟರಿನಲ್ಲಿ ಚಿತ್ರ ನಿಲ್ಲದೆ ಕೆಳಗಿನಿಂದ ಮೇಲಕ್ಕೆ ಉರುಳುತ್ತಿತ್ತು, ಬಣ್ಣವೂ ಇರಲಿಲ್ಲ. ಮೂವರು ಇಂಜಿನಿಯರುಗಳು ಎರಡು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದರು. ಖಾಲಿ ಡಬ್ಬ ಎತ್ತಲು ಹೋದ ಲೋಲಾಕ್ಷಿ ಒಂದು ಕ್ಷಣ ನಿಂತು ನೋಡಿ, "ಸರ್, ಇದನ್ನು ಅಮೆರಿಕದ ಟೀವಿಗೆ ಇಟ್ಟಿದ್ದಾರೆ" ಎಂದರು. ಅಲ್ಲಿಯ ಟೀವಿಗೊಂದು ಲೆಕ್ಕ, ನಮ್ಮ ಟೀವಿಗೊಂದು ಲೆಕ್ಕ ಎಂಬುದು ಕಾರ್ಖಾನೆಯಲ್ಲಿ ಸಾವಿರ ಸೆಟ್ಟು ನೋಡಿದವರಿಗೆ ಗೊತ್ತು. ಬೋರ್ಡಿನ ಮೂಲೆಯಲ್ಲೊಂದು ಸ್ವಿಚ್ಚಿತ್ತು. ಸರಿಸಿದರು, ಚಿತ್ರ ನಿಂತಿತು. ಮರುದಿನದಿಂದ ಹೊಸ ಬೋರ್ಡುಗಳನ್ನು ಅವರೇ ಬಿಚ್ಚತೊಡಗಿದರು.

ಡಿಸೆಂಬರಿನಲ್ಲಿ ಲ್ಯಾಬು ಕೆಳಗಿನ ಮಹಡಿಯಿಂದ ಇಲ್ಲಿಗೆ ಬಂತು. ತುಕ್ಕು ಹಿಡಿದ ಹಳೆಯ ಕಬ್ಬಿಣದ ಬೆಂಚುಗಳು ಹೋಗಿ ಎಂಟು ಹೊಸ ಬಿಳಿ ಟೇಬಲ್ಲುಗಳು ಬಂದವು. ಅದಾದ ಹದಿನಾರು ದಿನದಲ್ಲಿ ಮೂರು ಬೋರ್ಡುಗಳು ಸತ್ತವು. ಸತ್ತವು ಎಂದರೆ ಹೊಗೆ ಬಂದದ್ದಲ್ಲ. ಬೆಳಿಗ್ಗೆ ಚೆನ್ನಾಗಿಯೇ ಎದ್ದ ಬೋರ್ಡು ಮೂರನೆಯ ದಿನ ಚಿತ್ರದ ನಡುವೆ ತಡವರಿಸುತ್ತದೆ, ಐದನೆಯ ದಿನ ಏಳುವುದೇ ಇಲ್ಲ. ಹೊಸದು ಹೊರದೇಶದಿಂದ ಬರಲು ಆರು ವಾರ ಬೇಕು. ಬಸ್ಸಿನ ಪೆಟ್ಟಿಗೆಯ ಕೆಲಸ ನಿಂತಿತು. ತನಿಖೆಯ ವರದಿಯಲ್ಲಿ ಒಂದೇ ಸಾಲು, ಜೋಡಿಸುವಾಗಿನ ಕೈತಪ್ಪು. ಹಿಂದೆಯೇ ಲ್ಯಾಬಿನ ಮ್ಯಾನೇಜರ್ ಚಂದ್ರಶೇಖರ ಅವರ ಮೇಲ್ ಬಂತು. ಫೆಬ್ರವರಿ ಒಂದರಿಂದ ಅವರವರ ಬೋರ್ಡನ್ನು ಇಂಜಿನಿಯರುಗಳೇ ಜೋಡಿಸಿಕೊಳ್ಳತಕ್ಕದ್ದು, ಲೋಲಾಕ್ಷಿ ಕೆಳಗಿನ ಸ್ಟೋರಿಗೆ.

ಮನೆಯಲ್ಲಿ ಜಯಾನಂದರಿಗೆ ಇದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ. "ಸ್ಟೋರಾದ್ರೆ ಏನಾಯ್ತು ಮಾರಾಯ್ತಿ? ಕೂತು ಮಾಡುವ ಕೆಲಸ. ಸ್ವೆಟರ್ ಹಾಕ್ಕೊಂಡು ಬೆಚ್ಚಗೆ ಇರಬಹುದು."

"ನಿಮ್ಮನ್ನು ನಾಳೆಯಿಂದ ದೋಸೆಕಲ್ಲಿನ ಹತ್ತಿರ ಬರಬೇಡಿ, ತಟ್ಟೆ ಎಣಿಸಿ ಸಾಕು ಅಂದ್ರೆ?"

"ನನ್ನನ್ನು ಯಾರು ಅನ್ನೋದು? ಹೋಟೆಲು ನನ್ನದೇ ಅಲ್ವಾ."

ಲೋಲಾಕ್ಷಿ ಅಕ್ಕಿಯ ಡಬ್ಬಕ್ಕೆ ಕೈಹಾಕಿದರು. ಬೋರ್ಡು ತನ್ನದಲ್ಲ, ಟೇಬಲ್ಲು ತನ್ನದಲ್ಲ, ಕಟ್ಟಡ ತನ್ನದಲ್ಲ. ಆದರೆ ಕರೆಂಟು ಕೊಟ್ಟ ಮೇಲೆ ಚಿತ್ರ ಮೂಡುವ ಮುಂಚಿನ ಆ ಕೆಲವು ಸೆಕೆಂಡುಗಳಿವೆಯಲ್ಲ, ಅವು ಹತ್ತೊಂಬತ್ತು ವರ್ಷ ತನ್ನವಾಗಿದ್ದವು. ಇದನ್ನು ಯಾವ ಮಾತಿನಲ್ಲಿ ಹೇಳುವುದೆಂದು ತಿಳಿಯದೆ ಅವರು ಮರುದಿನದ ಅಕ್ಕಿ ನೆನೆಹಾಕಿದರು. ವರದಿ ಏನೇ ಹೇಳಲಿ, ತನ್ನ ಕೈ ತಪ್ಪಿಲ್ಲ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಈಗ ಈ ಮಂಜಿನ ಬೆಳಿಗ್ಗೆ, ಮೊದಲ ಬೋರ್ಡು ಎದ್ದು ನಿಂತ ಮೇಲೆ, ವಿದ್ಯುತ್ತು ತಡೆಯುವ ಬೂದು ಚೀಲದಲ್ಲಿರುವ ಎರಡನೆಯದನ್ನು ತೆಗೆಯಲು ಅವರು ಕುರ್ಚಿಯಿಂದಲೇ ಪಕ್ಕದ ಸ್ಟೀಲ್ ಬೀರುವಿಗೆ ಎಡಗೈ ಚಾಚುತ್ತಾರೆ. ಸುರುಳಿ ವಯರು ಉದ್ದವಾಗುತ್ತದೆ. ಬೆರಳು ಹಿಡಿಕೆಗೆ ತಾಗುವ ಮುನ್ನ, ಚಟ್.

ಲೋಲಾಕ್ಷಿ ಚಾಚಿದ ಕೈಯನ್ನು ಹಾಗೇ ಹಿಡಿದು ಕೂರುತ್ತಾರೆ. ದಿಲ್ಲಿಯ ಜನವರಿಯಲ್ಲಿ ಯಾರಿಗೆ ಚಟ್ ಎನ್ನುವುದಿಲ್ಲ? ಆದರೆ ಪಟ್ಟಿ ಕಟ್ಟಿಕೊಂಡ ಕೈಗೆ ಅನ್ನಬಾರದು. ಬೆಳಿಗ್ಗೆ ಬಾಗಿಲ ಪಕ್ಕದ ಪರೀಕ್ಷಾ ಪೆಟ್ಟಿಗೆಗೆ ಪಟ್ಟಿ ತೋರಿಸಿದಾಗ ಹಸಿರು ದೀಪ ಹತ್ತಿತ್ತು, ದಿನಾ ಹತ್ತುತ್ತದೆ. ಪಟ್ಟಿ ಸರಿಯಿದೆ, ವಯರೂ ಸರಿಯಿದೆ. ಪೆಟ್ಟಿಗೆ ಹೇಳುವುದು ಅಷ್ಟನ್ನೇ. ವಯರಿನ ಆ ತುದಿ ಎಲ್ಲಿ ಕಚ್ಚಿಕೊಂಡಿದೆ ಎಂಬುದು ಅದಕ್ಕೆ ತಿಳಿಯದು.

ಅವರು ಮೀಟರು ಹಿಡಿದು ನೆಲಕ್ಕೆ ಕೂರುತ್ತಾರೆ. ಒಂದು ಮೊನೆ ಗೋಡೆಯ ಪ್ಲಗ್ಗಿನ ಅರ್ಥಿಂಗಿಗೆ, ಇನ್ನೊಂದು ಟೇಬಲ್ ಕಾಲಿನ ಕ್ಲಿಪ್ಪಿಗೆ. ದಾರಿ ಸರಿಯಿದ್ದರೆ ಮೀಟರು ಕುಂಯ್ ಎನ್ನಬೇಕು. ಅದು ಸುಮ್ಮನಿದೆ. ಡ್ರಾಯರಿನಿಂದ ಬ್ಲೇಡು ತಂದು ಕಾಲಿನ ನುಣುಪು ಬಿಳಿ ಬಣ್ಣವನ್ನು ಬೆರಳಗಲ ಕೆರೆಯುತ್ತಾರೆ. ಒಳಗಿನ ಕಬ್ಬಿಣ ಹೊಳೆದ ಜಾಗಕ್ಕೆ ಮೊನೆ ಇಟ್ಟರೆ, ಕುಂಯ್.

ಎಂಟೂವರೆಗೆ ಬಂದ ಅಪೂರ್ವಾಗೆ ಮೊದಲು ಕಂಡದ್ದು ಐದನೆಯ ಟೇಬಲ್ಲಿನ ಅಡಿಯಿಂದ ಹೊರಚಾಚಿದ ಎರಡು ಪಾದ. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಈ ಇಂಜಿನಿಯರ್ ಹುಡುಗಿ ಕಂಪನಿ ಸೇರಿ ನಾಲ್ಕು ತಿಂಗಳಾಗಿದೆ. ಚಂದ್ರಶೇಖರ ಅವರನ್ನು ಬಿಟ್ಟರೆ ಈ ಮಹಡಿಯಲ್ಲಿ ಕನ್ನಡ ಬಲ್ಲವಳು ಇವಳೊಬ್ಬಳೇ.

"ಆಂಟಿ, ಕ್ಯಾ ಹುವಾ? ಕೆಳಗೆ ಏನ್ ಬಿತ್ತು?"

"ಏನೂ ಬಿದ್ದಿಲ್ಲ. ಆ ಟಾರ್ಚ್ ಇತ್ತ ಕೊಡು."

"ಅಚ್ಛಾ, ಹೊಸ ಟೇಬಲ್ ಯಾಕೆ ಕೆರೀತಾ ಇದೀರ? ಮೇಂಟೆನೆನ್ಸ್‌ನವರು ನೋಡಿದ್ರೆ ಇಬ್ಬರದೂ ಕಥೆ ಖತಮ್."

ಲೋಲಾಕ್ಷಿ ಹೊರಗೆ ಬಂದು ಮೀಟರು ಹಿಡಿದು ತೋರಿಸಿದರು. ಬಣ್ಣದ ಮೇಲೆ ಸುಮ್ಮನೆ, ಕೆರೆದಲ್ಲಿ ಕುಂಯ್. ಅಪೂರ್ವಾಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಬಣ್ಣದ ಮೂಲಕ ಏನೂ ಹರಿಯುವುದಿಲ್ಲ. ಡಿಸೆಂಬರಿನಿಂದ ಕೈಗೆ ಕಟ್ಟಿಕೊಂಡದ್ದು ಬರೀ ನೀಲಿ ಬಳೆ.

"ಕ್ಲಿಪ್ ಇಲ್ಲಿ ಯಾರು ಹಾಕಿದ್ದು ಆಂಟಿ?"

"ನಾನೇ."

"ಎಂಟಕ್ಕೂ?"

"ಎಂಟಕ್ಕೂ. ಹಳೇ ಬೆಂಚಿನಲ್ಲಿ ಎಡಗಡೆ ಹಿಂದಿನ ಕಾಲಿಗೆ ಹಾಕ್ತಿದ್ದೆ. ಅದು ಬರೀ ಕಬ್ಬಿಣ. ಇಲ್ಲೂ ಕೈ ಅದೇ ಕಾಲಿಗೆ ಹೋಯ್ತು."

ಅಪೂರ್ವಾ ಬಗ್ಗಿ ಆ ಕಾಲನ್ನು ನೋಡಿದಳು. "ನಾನಾಗಿದ್ರೆ ಯಾವ ಕಾಲು ಅಂತಾನೇ ಗೊತ್ತಿರ್ತಿರಲಿಲ್ಲ. ಹತ್ತು ಜನರನ್ನ ಕೇಳ್ಕೊಂಡು ಓಡಾಡ್ತಿದ್ದೆ."

ತಮಾಷೆಗೆ ಆಡಿದ ಮಾತು. ಲೋಲಾಕ್ಷಿಯೂ ನಕ್ಕರು.

ಚಂದ್ರಶೇಖರ ಬಂದದ್ದು ಹತ್ತಕ್ಕೆ. ನಿಂತುಕೊಂಡೇ ಎಲ್ಲ ಕೇಳಿ, ತಾವೇ ಮೀಟರು ಹಿಡಿದು ಎರಡು ಟೇಬಲ್ ನೋಡಿ, ಕುರ್ಚಿ ಎಳೆದುಕೊಂಡು ಕೂತರು. ಅವರ ಮುಖದಲ್ಲಿ ಹಗುರವಾದ ಭಾವ.

"ಒಳ್ಳೇದೇ ಆಯ್ತು ಲೋಲಾಕ್ಷಿಯವರೇ. ಕ್ಲಿಪ್ ಹಾಕೋದಕ್ಕೆ ಬೋಳು ಜಾಗ ಬಿಟ್ಟುಕೊಡಬೇಕಾದ್ದು ಟೇಬಲ್ ಮಾಡಿದವರ ಕೆಲಸ. ತಪ್ಪು ಅವರದು ಅಂತ ಬರೆದುಬಿಡೋಣ. ನಿಮ್ಮ ಹೆಸರು ಎಲ್ಲೂ ಬರೋದಿಲ್ಲ."

"ಕ್ಲಿಪ್ ಹಾಕಿದ್ದು ನಾನು ಸರ್."

"ಅದನ್ನ ಯಾರು ಕೇಳ್ತಾರೆ?"

"ಅವರ ಮೇಲೆ ಹಾಕಿದ್ರೆ ಅವರು ಬಂದು ಟೇಬಲ್ ಬದಲಾಯಿಸಿ ಕೊಡ್ತಾರೆ. ಹೊಸ ಟೇಬಲ್ಲಿಗೂ ಬಣ್ಣ ಇರುತ್ತೆ. ನಾನು ಮತ್ತೆ ಅಲ್ಲೇ ಹಾಕ್ತೀನಿ."

ಚಂದ್ರಶೇಖರ ಕಣ್ಣೆತ್ತಿ ಲೋಲಾಕ್ಷಿಯನ್ನು ನೋಡಿದರು. ಸ್ಟೋರಿನ ಮಾತು ಇಬ್ಬರ ನಡುವೆ ಇತ್ತು, ಆಡುವವರು ಯಾರೆಂಬುದಷ್ಟೇ ಉಳಿದಿತ್ತು. ಲೋಲಾಕ್ಷಿಯೇ ಆಡಿದರು. "ಕ್ಲಿಪ್ಪಿನ ಹತ್ತಿರ ದಿನಾ ಬೆಳಿಗ್ಗೆ ಎಂಟು ಸಲ ಮೀಟರು ಕೂಗಬೇಕು, ಆಮೇಲೆ ಬೋರ್ಡು ಚೀಲದಿಂದ ಹೊರಗೆ. ಅಷ್ಟನ್ನು ಬರೆದು ಹಾಕಿ. ಮಿಕ್ಕಿದ್ದು ನಿಮಗೆ ಬಿಟ್ಟದ್ದು. ಸ್ಟೋರಾದ್ರೆ ಸ್ಟೋರು."

"ಇಂಜಿನಿಯರುಗಳಿಗೆ ಬಿಟ್ಟರೆ ಕ್ಲಿಪ್ ಎಲ್ಲಿ ಹಾಕೋದು ಅನ್ನೋ ಪ್ರಶ್ನೆಯೇ ಇಲ್ಲ, ಹಾಕೋದೇ ಇಲ್ಲ." ಚಂದ್ರಶೇಖರ ಎದ್ದರು. "ಮೇಲ್ ವಾಪಸ್ ತಗೋತೀನಿ. ಆದರೆ ರಿಪೋರ್ಟಿನಲ್ಲಿ ನಿಮ್ಮ ಹೆಸರು ಇರುತ್ತೆ."

"ಇರಲಿ ಸರ್. ಸ್ಪೆಲ್ಲಿಂಗ್ ಸರಿಯಾಗಿ ಹಾಕಿ."

ಶುಕ್ರವಾರ ಸಂಜೆಯ ಮೆಟ್ರೊದಲ್ಲಿ ಲೋಲಾಕ್ಷಿಗೆ ಸೀಟು ಸಿಗುತ್ತದೆ. ಸ್ವೆಟರು, ಶಾಲು ಎರಡೂ ಮೈಮೇಲಿವೆ. ಸತ್ತ ಮೂರು ಬೋರ್ಡುಗಳು ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತವೆ. ಅವು ಇಂದೇ ಹೋಗುವಂಥವಲ್ಲ. ಆದರೆ ಹೆದರಿಕೆಯಿಲ್ಲ. ತಪ್ಪು ಎಲ್ಲಿತ್ತೋ ಅಲ್ಲಿಗೆ ಕೈಯಿಟ್ಟು ತೋರಿಸಿ ಬಂದಾಗಿದೆ.

ಅಷ್ಟು ಬೇಗ ಯಾಕೆ ಬರುತ್ತೀರಿ ಎಂದು ಯಾರು ಕೇಳಿದರೂ ಅವರು ಹೇಳುತ್ತಿದ್ದದ್ದು ಒಂದೇ. ಸದ್ದುಗದ್ದಲವಿಲ್ಲದಾಗ ಈ ಕೆಲಸ ಸಲೀಸು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ ಎಂದು ರಾಜೀವ್ ಚೌಕ್ ದಾಟುವಾಗ ಅವರಿಗೆ ತಿಳಿಯುತ್ತದೆ. ಯಾರ ಕಣ್ಣೂ ಬೀಳದ ಹೊತ್ತಿನಲ್ಲಿ ಮಾಡಿ ಮುಗಿಸಿದರೆ ಯಾರಿಗೂ ಬಾರದ ಕೆಲಸವಾಗಿ ಅದು ತನ್ನ ಬಳಿಯೇ ಉಳಿಯುತ್ತದೆ. ಆ ಲೆಕ್ಕ ಎಲ್ಲೋ ಒಳಗೆ ಇತ್ತು. ಹತ್ತೊಂಬತ್ತು ವರ್ಷ ಯಾರೂ ನೋಡಲಿಲ್ಲ. ಹಾಗಾಗಿ ಯಾವ ಕಾಲು, ಯಾಕೆ ಆ ಕಾಲು ಎಂದು ಯಾರೂ ಕೇಳಲಿಲ್ಲ. ತಾನೂ ಕೇಳಿಕೊಳ್ಳಲಿಲ್ಲ.

ಫೋನು ಗುನುಗುತ್ತದೆ. ಹಿಂದೆ ತಟ್ಟೆಗಳ ಸದ್ದಿನ ನಡುವೆ ಜಯಾನಂದ.

"ಏನಾಯ್ತು?"

"ಕೆಲಸ ಉಳೀತು."

"ನಾನು ಹೇಳಿರಲಿಲ್ವಾ. ಮತ್ತೆ?"

"ಮತ್ತೇನಿಲ್ಲ. ಇಳಿಯೋ ಸ್ಟೇಶನ್ ಬಂತು, ಫೋನ್ ಇಡಿ."

ಇಳಿಯುವ ಸ್ಟೇಶನ್ ಇನ್ನೂ ದೂರವಿದೆ. ಲೋಲಾಕ್ಷಿ ಫೋನನ್ನು ಕೈಚೀಲಕ್ಕೆ ಹಾಕಿ ಕಣ್ಣು ಮುಚ್ಚುತ್ತಾರೆ. ಸೋಮವಾರ ಆರು ಬೋರ್ಡುಗಳೂ ಅಪೂರ್ವಾ ಬರುವವರೆಗೆ ಚೀಲದಲ್ಲೇ ಇರಲಿ. ಪಟ್ಟಿ ಅವಳ ಕೈಗೆ, ಮೀಟರೂ ಅವಳ ಕೈಗೆ. ಅವಳು ಕೇಳುವುದನ್ನೆಲ್ಲ ಕೇಳಲಿ, ತಡವಾದರೆ ಆಗಲಿ. ತಾನು ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಅವಳ ಹಿಂದೆ ನಿಲ್ಲುವುದು.