ಟೀವಿ ಹುಡುಗಿ ರಜೆಗೆ ಬಂದ ಬೇಸಿಗೆ

ಆಗೆಲ್ಲ ಭಾನುವಾರ ಸಂಜೆ ಮಳವಳ್ಳಿಯಲ್ಲಿ ಕರೆಂಟು ಹೋದರೆ ಜನ ಬಯ್ಯುತ್ತಿದ್ದುದು ಕತ್ತಲಾಯಿತೆಂದಲ್ಲ, ಟೀವಿಯ ನಗೆನಾಟಕ ತಪ್ಪಿತಲ್ಲ ಎಂದು. ಇದ್ದದ್ದು ಒಂದೇ ಚಾನೆಲ್ಲು. ಅರ್ಧ ಗಂಟೆಯಲ್ಲಿ ಒಂದಾದ ಮೇಲೊಂದು ಪುಟ್ಟ ಪುಟ್ಟ ಪ್ರಸಂಗ. ಪ್ರತಿಯೊಂದರಲ್ಲೂ ಒಬ್ಬ ಚಿಕ್ಕ ಹುಡುಗಿ ನಡುವೆ ನುಗ್ಗಿ ದೊಡ್ಡವರ ಗುಟ್ಟು ರಟ್ಟು ಮಾಡುತ್ತಿದ್ದಳು. ಯಾರಾದರೂ ಗದರಿದರೆ ಸೊಂಟಕ್ಕೆ ಕೈಯಿಟ್ಟು, “ನಂಗೇನ್ ಗೊತ್ತು, ನಾನ್ ಚಿಕ್ಕೋಳು!” ಎನ್ನುವಳು. ಆಮೇಲೆ ಬಾಯಿ ಅಗಲಿಸಿ ಭೋರೆಂದು ಅಳುವಳು. ಆ ಅಳು ಶುರುವಾದರೆ ನಮ್ಮ ಬೀದಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಆ ಹುಡುಗಿ ನನ್ನ ಸೋದರತ್ತೆಯ ಮಗಳು ವೀಣಾ. ಮನೆ ಮಂಡ್ಯದ ಗುತ್ತಲಿನಲ್ಲಿ. ಟೀವಿಗೆ ಸೇರುವ ಮೊದಲಿನಿಂದಲೂ ಪ್ರತಿ ಬೇಸಿಗೆ ನಮ್ಮಲ್ಲಿಗೆ ಬರುತ್ತಿದ್ದಳು. ನಾವಿಬ್ಬರೂ ಹಿತ್ತಲಲ್ಲಿ ಕೂತು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುವುದು, ಅಜ್ಜಿಯ ಹುರುಳಿಕಾಳು ಬಸ್ಸಾರಿನ ವಾಸನೆ ಬಂದೊಡನೆ ಒಳಗೋಡುವುದು, ಇದೇ ನಮ್ಮ ರಜೆ.

ಆ ವರ್ಷ ಮಾತ್ರ ಅವಳು ನನಗೆ ಸಿಗಲೇ ಇಲ್ಲ. ಮದ್ದೂರಿನಲ್ಲಿ ಬಸ್ಸು ಬದಲಿಸಿ ಬರುವಾಗಲೇ ಕಂಡಕ್ಟರ್ ಅವಳ ಬಾಯಲ್ಲಿ ಆ ಮಾತು ಹೇಳಿಸದೆ ವಿಸಿಲ್ ಊದಲಿಲ್ಲವಂತೆ. ಮನೆಗೆ ಬಂದಮೇಲೆ ಹಾಲು ಕೊಡಲು ಬಂದವರು, ಅಂಗಡಿಯವರು, ಅಕ್ಕಪಕ್ಕದ ಮನೆಗಳಿಗೆ ಬಂದ ನೆಂಟರು, ಎಲ್ಲರದ್ದೂ ಒಂದೇ ರಾಗ.

“ಅದೊಂದ್ ಮಾತ್ ಏಳ್ಬುಡವ್ವ, ಓಯ್ತೀನಿ.”

ಹೇಳಿದರೆ ಇನ್ನೊಮ್ಮೆ ಅನ್ನುವರು. ಹೇಳದಿದ್ದರೆ “ಟೀವೀಲಿ ಬಂದ್ಬುಟ್ಲು, ಎಷ್ಟ್ ಜಂಬ ನೋಡ್ಲಾ” ಅನ್ನುವರು. ನಾನು ಕುಂಟೆಬಿಲ್ಲೆಗೆ ಮನೆ ಗೀಚಿಕೊಂಡು ಕಾಯುತ್ತ ನಿಂತಿರುತ್ತಿದ್ದೆ. ಅವಳು ಜಗಲಿಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನೀನು ಹೇಳ್ಬೇಡ ಕಣೇ,” ಎಂದೆ ಒಂದು ದಿನ.

“ಹೇಳ್ನಿಲ್ಲ ಅಂದ್ರೆ ಇಲ್ಲೇ ಕುಂತಿರ್ತಾರೆ ಕಣೇ. ಹೇಳ್ಬುಟ್ರೆ ಬೇಗ ಆಟಕ್ ಬರ್ಬೋದು,” ಎಂದಳು.

ಒಂದು ಮಧ್ಯಾಹ್ನ ಕಣ್ಣಾಮುಚ್ಚಾಲೆ ಆಡುವಾಗ ಸೌದೆ ರಾಶಿಯ ಹಿಂದೆ ಬಚ್ಚಿಟ್ಟುಕೊಂಡವಳು ಕಿಟಾರನೆ ಕಿರುಚಿದಳು. ಕಾಲು ಹಿಡಿದುಕೊಂಡು ಕುಂಟುತ್ತ ಜಗಲಿಯ ಮುಂದೆ ಬಂದು ಬಿದ್ದಳು, ಬಾಯಿ ಅಗಲಿಸಿ ಭೋರೆಂದು ಅತ್ತಳು. ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದ ಅಕ್ಕಪಕ್ಕದವರು ಒಂದೇ ಸಲ ನಕ್ಕುಬಿಟ್ಟರು.

“ಟೀವೀಲಿ ಮಾಡ್ದಂಗೇ ಮಾಡ್ತಾವ್ಳೆ ಕಣ್ಲಾ!”

“ಚೇಳು ಕಚ್ಬುಟ್ಟದೆ!” ಎಂದು ನಾನು ಅರಚಿದೆ. ಇವಳಿಗೂ ಆಕ್ಟಿಂಗ್ ಕಲಿಸಿದ್ದಾಳೆ ಎಂದು ಇನ್ನಷ್ಟು ನಕ್ಕರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅಷ್ಟರಲ್ಲಿ ಒಳಗಿನಿಂದ ಬಂದ ಅಜ್ಜಿ ಅವಳ ಕಾಲು ನೋಡಿದಳು.

“ಮಗ ಪ್ರಾಣ ಬುಡ್ತಾ ಅದೆ, ಅಲ್ಲು ಕಿರ್ಕೊಂಡ್ ಕುಂತಿದ್ದೀರಲ್ಲಾ! ಎದ್ದೋಗಿ ಗಾಡಿ ತರ್ರಲಾ!”

ಅಜ್ಜಿಯ ಕೂಗಿಗೆ ಎಲ್ಲರೂ ಎದ್ದರು. ಯಾರೋ ಸ್ಕೂಟರ್ ತಂದರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಪಟ್ಟಿ ಕಟ್ಟಿ, ಅವಳ ಬಿಕ್ಕಳಿಕೆ ನಿಲ್ಲುವ ಮೊದಲೇ ಕಾಂಪೌಂಡರ್ ಹಲ್ಲು ಬಿಟ್ಟು ಕೇಳಿದ: “ಟೀವೀಲಿ ಬರೋ ಪಾಪು ಅಲ್ವಾ ನೀನು? ಎಲ್ಲಿ, ಒಂದ್ಸಲ ಅದನ್ನ ಏಳು?”

ವೀಣಾ ಹೇಳಿದಳು. ಸೊಂಟಕ್ಕೆ ಕೈಯಿಟ್ಟೇ ಹೇಳಿದಳು. ಅಜ್ಜಿ ಸೆರಗಿನಿಂದ ಅವಳ ಮುಖ ಒರೆಸಿ ಎತ್ತಿಕೊಂಡು ಹೊರಟಳು. ಮರುದಿನ ಅತ್ತೆ ಬಂದು ಕರೆದುಕೊಂಡು ಹೋದರು. ಆಮೇಲಿನ ಯಾವ ಬೇಸಿಗೆಗೂ ಅವಳು ಬರಲಿಲ್ಲ.

ಮುಂದೆ ವೀಣಾ ಎತ್ತರವಾದಳು, ಟೀವಿಯವರಿಗೆ ಬೇಡವಾದಳು. ಈಗ ಮಂಡ್ಯದಲ್ಲಿ ಕೆಲಸದಲ್ಲಿದ್ದಾಳೆ. ಈಚೆಗೆ ಮದ್ದೂರಿನ ಛತ್ರವೊಂದರಲ್ಲಿ ನೆಂಟರ ಮದುವೆ. ನಾವಿಬ್ಬರೂ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತಿದ್ದೆವು. ಯಾರೋ ದೂರದ ಮಾವ ಮೊಬೈಲಿನಲ್ಲಿ ಆ ಹಳೆಯ ನಗೆನಾಟಕ ಹಾಕಿಕೊಂಡು ಎಲೆಯ ಮುಂದೆ ಬಂದು ನಿಂತರು.

“ಇದು ನೀನೇ ತಾನೇ? ಎಷ್ಟ್ ಚೆಂದಾಗಿದ್ದೆ! ಈಗ್ ನೋಡು, ಎಂಗ್ ಊದ್ಕಂಡಿದ್ದೀಯ. ಒಂದ್ಸಲ ಏಳ್ಬುಡವ್ವ, ವೀಡಿಯೊ ಮಾಡ್ಕತೀನಿ.”

ವೀಣಾ ಅನ್ನಕ್ಕೆ ಸಾರು ಕಲಸುತ್ತ, ತಲೆಯೆತ್ತದೆ, “ಮರ್ತೇ ಓಗ್ಬುಟ್ಟದೆ ಮಾವ,” ಎಂದಳು. ಅವರು ಆಚೆ ಹೋದಮೇಲೆ, “ಮಳವಳ್ಳಿಗೆ ಬಾರೇ, ಎಷ್ಟು ಕಾಲ ಆಯ್ತು,” ಎಂದೆ. “ಬತ್ತೀನಿ ಬುಡೇ,” ಎಂದಳು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಂಥ ಕಾರ್ಯಕ್ರಮ ಈಗೆಲ್ಲಿ, ಆ ಕಾಲವೇ ಹೋಯಿತು ಎಂದು ನಮ್ಮ ಮನೆಯವರ ಗ್ರೂಪಿನಲ್ಲಿ ವಾರಕ್ಕೊಮ್ಮೆ ಯಾರಾದರೂ ನಿಟ್ಟುಸಿರು ಬಿಡುತ್ತಾರೆ. ಓದಿದರೆ ರೇಗುತ್ತದೆ. ಅದೆಲ್ಲಿ ಹೋಗಿದೆ? ಎಲ್ಲರ ಜೇಬಿನಲ್ಲೂ ಇದೆ, ಬೆರಳು ಒತ್ತಿದರೆ ಬರುತ್ತದೆ. ಹೋದದ್ದು ವೀಣಾ ಮಳವಳ್ಳಿಗೆ ಬರುತ್ತಿದ್ದ ಬೇಸಿಗೆಗಳು. ಅವುಗಳ ಚಿತ್ರ ಯಾರೂ ತೆಗೆದಿಡಲಿಲ್ಲ.