ಅತ್ತೆ ಬಸ್ಸಿನಲ್ಲಿ ಹೇಳಿದ ಸುಳ್ಳು

ಕಳೆದ ಬುಧವಾರ ನಮ್ಮತ್ತೆ ಬಸ್ಸಿನಲ್ಲಿ ತಲೆ ಮೇಲೆ ಹೊಡೆದ ಹಾಗೆ ಒಂದು ಸುಳ್ಳು ಹೇಳಿದರು. ಎಪ್ಪತ್ತೊಂದು ವರ್ಷ, ವಾರಕ್ಕೆ ಎರಡು ಉಪವಾಸ. ಇಂಥವರು ಸುಳ್ಳು ಹೇಳುವುದೆಂದರೇನು?

ಅದಕ್ಕೂ ಹತ್ತು ದಿನ ಮೊದಲು ಅನ್ನಪೂರ್ಣೇಶ್ವರಿ ನಗರದ ನಮ್ಮ ಮಹಿಳಾ ಸಂಘದಲ್ಲಿ ಎರಡು ಗಂಟೆಯ ತರಬೇತಿ ಇತ್ತು. ಯಾರಿಗಾದರೂ ಲೈಂಗಿಕ ಕಿರುಕುಳ ಆಗುತ್ತಿರುವುದು ಕಣ್ಣಿಗೆ ಬಿದ್ದರೆ ಅಕ್ಕಪಕ್ಕದವರು ಏನು ಮಾಡಬೇಕು ಎಂಬ ವಿಷಯ. ಟ್ರೈನರ್ ಹೇಳಿದ್ದು ಸರಳ. ಮೊದಲೇ ಕಿರುಕುಳ ಕೊಡುವವನ ಮೇಲೆ ಹಾರಿಬೀಳಬೇಡಿ. ಪರಿಚಯದವರ ಹಾಗೆ ಅವಳನ್ನು ಮಾತಾಡಿಸಿ, ಹತ್ತಿರ ಕರೆದುಕೊಳ್ಳಿ, ಮುಂದೇನು ಮಾಡಬೇಕೆಂದು ಅವಳನ್ನೇ ಕೇಳಿ. ನಾನು ನೋಟ್ಸ್ ಬರೆದುಕೊಂಡೆ (ಪತ್ರಿಕೆಗೆ ಬರೆಯುವ ಕಾಲಂಗೆ ಆಗುತ್ತದೆ ಅಂತ). ಅತ್ತೆ ತೂಕಡಿಸುತ್ತಿದ್ದರು. ನಾನು ಹಾಗಂದುಕೊಂಡಿದ್ದೆ.

ಬುಧವಾರ ಸಂಜೆ ಐದರ ಹೊತ್ತಿಗೆ ಇಬ್ಬರೂ ಕಣ್ಣಿನ ಆಸ್ಪತ್ರೆಯಿಂದ ವಾಪಸ್ ಬರುತ್ತಿದ್ದೆವು. ಮಾಗಡಿ ರೋಡ್ ಬಸ್. ಕಾಲೇಜು ಬ್ಯಾಗ್ ಹಾಕಿಕೊಂಡ ಹುಡುಗಿಯೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಅವಳ ಬೆನ್ನಿಗೆ ಅಂಟಿಕೊಂಡು ಒಬ್ಬ ಗಂಡಸು. ಹಿಂದೆ ಬೇಕಾದಷ್ಟು ಜಾಗ ಇತ್ತು. ಅವಳು ಸರಿದಳು. ಅವನೂ ಸರಿದ. ಮತ್ತೆ ಸರಿದಳು. ಮತ್ತೆ ಸರಿದ.

ನನಗೆ ಅರ್ಥವಾಯಿತು. ಏನು ಮಾಡಬೇಕೆಂದೂ ಗೊತ್ತಿತ್ತು. ಆದರೆ ಏಳಲಿಲ್ಲ. ನಿಜ ಹೇಳುತ್ತೇನೆ, ಕಿಟಕಿಯ ಕಡೆ ಮುಖ ತಿರುಗಿಸಿದೆ.

ಆಗ ಪಕ್ಕದಿಂದ ಅತ್ತೆಯ ದನಿ: “ಏನೇ ಪುಟ್ಟಿ, ಸರೋಜಮ್ಮನ ಮೊಮ್ಮಗಳಲ್ವೇನೆ ನೀನು? ಬಾ, ಇಲ್ಲಿ ಕೂತ್ಕೋ.”

ಯಾವ ಸರೋಜಮ್ಮ? ನಮಗೆ ಯಾವ ಸರೋಜಮ್ಮನೂ ಗೊತ್ತಿಲ್ಲ.

ಹುಡುಗಿ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ “ಹೂಂ ಅಜ್ಜಿ” ಎಂದು ಬಂದು ನಮ್ಮಿಬ್ಬರ ನಡುವೆ ಒತ್ತಿಕೊಂಡು ಕೂತಳು. ಅತ್ತೆ ಅವಳ ಕೈ ಹಿಡಿದು, ತಾವೇನು ಮಾಡಬೇಕೆಂದು ಮೆಲ್ಲಗೆ ಕೇಳಿದರು.

“ನನ್ ಸ್ಟಾಪಲ್ಲಿ ಅವ್ನು ಇಳೀಬಾರ್ದು ಅಜ್ಜಿ.”

ಮೂರು ದಿನದಿಂದ ಅವನು ಹೇರೋಹಳ್ಳಿಯಲ್ಲಿ ಅವಳ ಹಿಂದೆಯೇ ಇಳಿದು ಮನೆಯ ಬೀದಿಯವರೆಗೆ ಬರುತ್ತಿದ್ದನಂತೆ. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಕಾಲೇಜು ಬಿಡಿಸುತ್ತಾರೆಂಬ ಭಯ.

ಅಷ್ಟು ಕೇಳಿದ ಮೇಲೆ ನನ್ನ ಕಾಲಿಗೂ ಜೀವ ಬಂತು. ಎದ್ದು ಹೋಗಿ ಕಂಡಕ್ಟರಿಗೆ ಎಲ್ಲ ಹೇಳಿದೆ. ಪುಣ್ಯಾತ್ಮ ಮರುಮಾತಾಡಲಿಲ್ಲ. ಹೇರೋಹಳ್ಳಿಯಲ್ಲಿ ನಾವು ಮೂವರೂ ಇಳಿಯುವವರೆಗೆ (ನಮ್ಮ ಸ್ಟಾಪ್ ಯಾವಾಗಲೋ ದಾಟಿತ್ತು) ಬಾಗಿಲಿಗೆ ಅಡ್ಡ ನಿಂತರು. ಬಸ್ಸು ಅವನನ್ನು ಹೊತ್ತುಕೊಂಡು ಮುಂದೆ ಹೋಯಿತು.

ಅವಳನ್ನು ಬಿಡಲು ಹೋದಾಗ ಮನೆಯಲ್ಲಿ ಅವಳ ಅಮ್ಮ ಇದ್ದರು. ನಡೆದದ್ದನ್ನೆಲ್ಲ ಅತ್ತೆಯೇ ಹೇಳಿದರು. ಕೊನೆಗೆ, “ಇವ್ಳದೇನೂ ತಪ್ಪಿಲ್ಲಮ್ಮ. ಕಾಲೇಜ್ ಮಾತ್ರ ಬಿಡಿಸ್ಬೇಡಿ” ಎಂದರು. ಆಕೆ ಮಗಳನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ಮರುದಿನ ತಾಯಿ ಮಗಳು ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟರು. ಶನಿವಾರ ಅವಳ ಅಮ್ಮನ ಫೋನ್ ಬಂತು. ಅವನನ್ನು ಹಿಡಿದಿದ್ದಾರೆ, ಮಗಳು ಎಂದಿನಂತೆ ಕಾಲೇಜಿಗೆ ಹೋಗಿದ್ದಾಳೆ ಎಂದರು. ಫೋನ್ ಇಟ್ಟವಳು ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಅಬ್ಬಾ, ಎಷ್ಟು ಹಗುರ! ಅತ್ತೆ ಮಾತ್ರ “ಒಳ್ಳೇದಾಯ್ತು” ಎಂದು ಹುರುಳಿಕಾಯಿ ಮುರಿಯುತ್ತಾ ಕೂತರು.

ಅಂದು ಆ ಬಸ್ಸಿನಲ್ಲಿ ಹತ್ತು ಹನ್ನೆರಡು ಗಂಡಸರು ಕೂತಿದ್ದರು. ಒಬ್ಬರೂ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಇಂಥ ತರಬೇತಿಗೆ ಅವರನ್ನು ಕರೆಯುವವರು ಯಾರು?